ವರದಿಯ ಮೊದಲ ಶಿಫಾರಸು

1946ರ ಜನವರಿ. ಲಂಡನ್ನಿನಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಅರ್ನೆಸ್ಟ್ ಬೆವಿನ್ ಹನ್ನೆರಡು ಜನರನ್ನು ಊಟಕ್ಕೆ ಕರೆದಿದ್ದರು. ಆರು ಜನ ಅಮೆರಿಕದವರು, ಆರು ಜನ ಬ್ರಿಟನ್ನಿನವರು. ನೀವೆಲ್ಲ ಸೇರಿ ಒಮ್ಮತದ ವರದಿ ಕೊಟ್ಟರೆ ಅದನ್ನು ಜಾರಿಗೆ ತರಲು ಕೈಲಾದದ್ದನ್ನೆಲ್ಲ ಮಾಡುತ್ತೇನೆ ಅಂತ ಬೆವಿನ್ ಅವತ್ತು ಮಾತು ಕೊಟ್ಟರು. ಅಲ್ಲಿ ಊಟಕ್ಕೆ ಕೂತಿದ್ದವರೇ ಇದನ್ನು ಮುಂದೆ ಬರೆದಿಟ್ಟಿದ್ದಾರೆ. ಎರಡು ದೇಶ, ಹನ್ನೆರಡು ತಲೆ, ವಿಷಯ ಪ್ಯಾಲೆಸ್ತೀನ್. ಒಮ್ಮತ ಎಲ್ಲಿಂದ ಬರಬೇಕು ಅಂತ ಬೆವಿನ್ ಅಂದುಕೊಂಡಿದ್ದರೋ ಏನೋ. ಆದರೆ ಏಪ್ರಿಲ್ ಹೊತ್ತಿಗೆ ಹನ್ನೆರಡೂ ಜನ ಒಂದೇ ವರದಿಗೆ ಸಹಿ ಹಾಕಿ ಕೊಟ್ಟುಬಿಟ್ಟರು.

ಇದು ಆಂಗ್ಲೋ-ಅಮೆರಿಕನ್ ವಿಚಾರಣಾ ಸಮಿತಿಯ ಕಥೆ. ಇಸ್ರೇಲ್ ಹುಟ್ಟಿದ ಇತಿಹಾಸ ಹೇಳುವವರು ಇದನ್ನು ಸಾಮಾನ್ಯವಾಗಿ ಒಂದೆರಡು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ. ಸಮಿತಿ 1 ಲಕ್ಷ ಯಹೂದಿಗಳನ್ನು ಪ್ಯಾಲೆಸ್ತೀನಿಗೆ ಬಿಡಿ ಅಂದಿತು, ಬ್ರಿಟನ್ ಒಪ್ಪಲಿಲ್ಲ, ಅಷ್ಟೇ. ಆದರೆ ಆ ವರದಿಯಲ್ಲಿ ಹತ್ತು ಶಿಫಾರಸುಗಳಿದ್ದವು. 1 ಲಕ್ಷದ ಮಾತು ಬರುವುದು ಎರಡನೆಯದರಲ್ಲಿ. ವರದಿಯನ್ನು ಓದಿದಾಗಿನಿಂದ ನನ್ನ ತಲೆಯಲ್ಲಿ ಕೂತಿರುವುದು ಮೊದಲನೆಯದು.

ಅಲ್ಲಿಗೆ ಹೋಗುವ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. ನಾಜಿ ಶಿಬಿರಗಳ ಬಾಗಿಲು ತೆರೆದವು. ಬದುಕುಳಿದವರು ಮನೆಗೆ ಹೋದರು ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಎಷ್ಟೋ ಜನರಿಗೆ ಮನೆಯೇ ಇರಲಿಲ್ಲ. ಪೋಲೆಂಡಿನಲ್ಲಿ ಯುದ್ಧಕ್ಕೆ ಮುಂಚೆ 30 ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದರು. ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ಸತ್ತಿದ್ದರು. ಉಳಿದವರಲ್ಲಿ ಕೆಲವರು ಊರಿಗೆ ಹೋಗಿ ನೋಡಿದರೆ ಅವರ ಮನೆಯಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದರು. ಹಾಗಾಗಿ ಸಾವಿರಾರು ಜನ ಜರ್ಮನಿಯಲ್ಲೇ, ಅಮೆರಿಕ ಮತ್ತು ಬ್ರಿಟನ್ ಸೈನ್ಯ ನಡೆಸುತ್ತಿದ್ದ ನಿರಾಶ್ರಿತರ ಶಿಬಿರಗಳಲ್ಲೇ ಉಳಿದರು. ತಮ್ಮನ್ನು ಕೊಲ್ಲಲು ಹೊರಟ ದೇಶದ ನೆಲದಲ್ಲೇ!

ಆ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಒಬ್ಬರನ್ನು ಶಿಬಿರ ನೋಡಿಬರಲು ಕಳಿಸಿದರು. ಅವರ ಹೆಸರು ಅರ್ಲ್ ಹ್ಯಾರಿಸನ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನ ಡೀನ್. ಆಗಸ್ಟಿನಲ್ಲಿ ಅವರು ಕೊಟ್ಟ ವರದಿಯನ್ನು ಈಗ ಓದಿದರೂ ಮೈ ಜುಂ ಅನ್ನುತ್ತೆ. ಮುಳ್ಳುತಂತಿಯ ಬೇಲಿ, ಕಾವಲು, ಬಟ್ಟೆಯಿಲ್ಲದೆ ಹಳೆಯ ಶಿಬಿರದ ಅದೇ ಪಟ್ಟೆ ಅಂಗಿ ತೊಟ್ಟವರು, ಕೆಲವರಿಗಂತೂ ಜರ್ಮನ್ ಎಸ್‌ಎಸ್ ಪಡೆಯ ಸಮವಸ್ತ್ರವೇ ಗತಿ. ನಾಜಿಗಳು ಯಹೂದಿಗಳನ್ನು ನಡೆಸಿಕೊಂಡಂತೆಯೇ ನಾವೂ ನಡೆಸಿಕೊಳ್ಳುತ್ತಿದ್ದೇವೆ, ಕೊಲ್ಲುತ್ತಿಲ್ಲ ಅನ್ನುವುದೊಂದೇ ವ್ಯತ್ಯಾಸ ಎಂದು ಹ್ಯಾರಿಸನ್ ತಮ್ಮದೇ ಸರ್ಕಾರಕ್ಕೆ ಬರೆದರು. 1 ಲಕ್ಷ ಜನರಿಗೆ ಪ್ಯಾಲೆಸ್ತೀನಿಗೆ ಹೋಗಲು ಪರವಾನಗಿ ಕೊಡಿಸಿ ಎಂದರು. ಆಗಸ್ಟ್ 31ರಂದು ಟ್ರೂಮನ್ ಇದೇ ಬೇಡಿಕೆಯನ್ನು ಬ್ರಿಟನ್ನಿನ ಪ್ರಧಾನಿ ಕ್ಲೆಮೆಂಟ್ ಅಟ್ಲೀ ಅವರಿಗೆ ಪತ್ರದಲ್ಲಿ ಬರೆದರು.

ಅಟ್ಲೀಗೆ ಇದು ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಪ್ಯಾಲೆಸ್ತೀನ್ ಬ್ರಿಟನ್ನಿನ ಕೈಯಲ್ಲಿತ್ತು. 1939ರ ಶ್ವೇತಪತ್ರದ ಪ್ರಕಾರ ಐದು ವರ್ಷಗಳಲ್ಲಿ ಅಲ್ಲಿಗೆ 75 ಸಾವಿರ ಯಹೂದಿಗಳು ಮಾತ್ರ ಬರಬಹುದಿತ್ತು, ಆಮೇಲೆ ಅರಬರ ಒಪ್ಪಿಗೆ ಬೇಕಿತ್ತು. ಆ ಲೆಕ್ಕ ಮುಗಿಯುತ್ತಾ ಬಂದಿತ್ತು. ಬಾಗಿಲು ತೆರೆದರೆ ಅರಬ್ ದೇಶಗಳ ಜೊತೆ ಜಗಳ; ಎಣ್ಣೆ, ಸೂಯೆಜ್ ಕಾಲುವೆ, ಸೈನಿಕ ನೆಲೆ ಎಲ್ಲವೂ ಆ ಕಡೆಯೇ ಇದ್ದವು. ತೆರೆಯದಿದ್ದರೆ ಅಮೆರಿಕದ ಜೊತೆ ಜಗಳ. ಯುದ್ಧದಿಂದ ದಿವಾಳಿಯಾಗಿದ್ದ ಬ್ರಿಟನ್ ಅದೇ ಹೊತ್ತಿಗೆ ಅಮೆರಿಕದ ಹತ್ತಿರ 375 ಕೋಟಿ ಡಾಲರ್ ಸಾಲದ ಮಾತುಕತೆ ನಡೆಸಿತ್ತು. ಇಂಥ ಇಕ್ಕಟ್ಟಿನಲ್ಲಿ ಬೆವಿನ್‌ಗೆ ಹೊಳೆದದ್ದು ಸಮಿತಿ. ಅದೂ ಬರೀ ಬ್ರಿಟನ್ನಿನದಲ್ಲ, ಅಮೆರಿಕವನ್ನೂ ಸೇರಿಸಿಕೊಂಡ ಸಮಿತಿ. ಹೊರಗೆ ನಿಂತು ಬುದ್ಧಿ ಹೇಳುವವರನ್ನು ಒಳಗೆ ಕರೆದು ಕೂರಿಸಿ, ಹೊಣೆಯ ಅರ್ಧ ಭಾಗ ಅವರ ತಲೆಗೆ ಕಟ್ಟುವ ಉಪಾಯ. ಚೆನ್ನಾಗಿಯೇ ಇತ್ತು ಬಿಡಿ.

ಎರಡೂ ಸರ್ಕಾರಗಳು ಸಮಿತಿಗೆ ಒಪ್ಪಿದವು. ಆದರೆ ಒಪ್ಪಿದ್ದು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ. ಯಹೂದಿ ನಿರಾಶ್ರಿತರನ್ನು ಪ್ಯಾಲೆಸ್ತೀನ್ ಬಿಟ್ಟು ಬೇರೆಲ್ಲಿ ನೆಲೆಗೊಳಿಸಬಹುದು ಅನ್ನುವುದನ್ನು ಸಮಿತಿ ಮುಖ್ಯವಾಗಿ ನೋಡಲಿ ಎಂಬುದು ಬ್ರಿಟನ್ನಿನ ಆಸೆ. ಪ್ಯಾಲೆಸ್ತೀನೇ ಮೊದಲ ವಿಷಯವಾಗಿರಲಿ ಎಂಬುದು ಅಮೆರಿಕದ ಹಟ. ಈ ಹಗ್ಗಜಗ್ಗಾಟ ವಾರಗಟ್ಟಲೆ ನಡೆಯಿತು. ನವೆಂಬರ್ ಮೊದಲ ವಾರದಲ್ಲಿ ನ್ಯೂಯಾರ್ಕ್ ನಗರದ ಮೇಯರ್ ಚುನಾವಣೆ ಬೇರೆ ಇತ್ತು. ಅದು ಮುಗಿಯುವ ತನಕ ಘೋಷಣೆ ಬೇಡ ಅಂದಿತು ಅಮೆರಿಕ. ಕೊನೆಗೆ ಅಮೆರಿಕದ ಹಟವೇ ಗೆದ್ದು, 1945ರ ನವೆಂಬರ್ 13ರಂದು ಬೆವಿನ್ ಹೌಸ್ ಆಫ್ ಕಾಮನ್ಸ್‌ನಲ್ಲಿ ಸಮಿತಿಯನ್ನು ಘೋಷಿಸಿದರು. ಪತ್ರಕರ್ತರ ಜೊತೆ ಮಾತಾಡುವಾಗ, ಯಹೂದಿಗಳು ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಬಾರದು ಎಂಬ ಅರ್ಥದ ಮಾತನ್ನೂ ಆಡಿದರು. ಲಕ್ಷಾಂತರ ಜನ ಗ್ಯಾಸ್ ಕೋಣೆಯ ಮುಂದೆ ಸಾಲು ನಿಂತು ಸತ್ತು ಆಗಿನ್ನೂ ವರ್ಷವಾಗಿತ್ತಷ್ಟೇ. ಬೆವಿನ್ ಕೆಟ್ಟವರಾಗಿರಲಿಲ್ಲ, ಬಡತನದಿಂದ ಮೇಲೆ ಬಂದ ಕಾರ್ಮಿಕ ನಾಯಕ. ಆದರೆ ಬಾಯಿಗೆ ಕಡಿವಾಣ ಇರಲಿಲ್ಲ.

ಸಮಿತಿಯಲ್ಲಿದ್ದವರ ಬಗ್ಗೆ ಸ್ವಲ್ಪ ಹೇಳಬೇಕು. ಅಮೆರಿಕದ ಕಡೆಯ ಅಧ್ಯಕ್ಷರು ಟೆಕ್ಸಸ್‌ನ ನ್ಯಾಯಾಧೀಶ ಜೋಸೆಫ್ ಹಚೆಸನ್. ಬ್ರಿಟನ್ ಕಡೆಯವರು ಸರ್ ಜಾನ್ ಸಿಂಗಲ್ಟನ್, ಅವರೂ ನ್ಯಾಯಾಧೀಶರೇ. ಜೇಮ್ಸ್ ಮೆಕ್‌ಡೊನಾಲ್ಡ್ ಅಂತ ಒಬ್ಬರಿದ್ದರು. ಜರ್ಮನಿಯಿಂದ ಓಡಿಬರುವವರಿಗಾಗಿ ಲೀಗ್ ಆಫ್ ನೇಷನ್ಸ್ ನೇಮಿಸಿದ್ದ ಹೈಕಮಿಷನರ್ ಆಗಿದ್ದು, ಯಾವ ದೇಶವೂ ಕಿವಿಗೊಡುತ್ತಿಲ್ಲ ಅಂತ 1935ರಲ್ಲಿ ರಾಜೀನಾಮೆ ಬಿಸಾಕಿದ್ದವರು. ಕ್ಯಾಲಿಫೋರ್ನಿಯಾದ ವಕೀಲ ಬಾರ್ಟ್ಲಿ ಕ್ರಮ್, ಬ್ರಿಟನ್ನಿನ ಯುವ ಲೇಬರ್ ಸಂಸದ ರಿಚರ್ಡ್ ಕ್ರಾಸ್‌ಮನ್, ಒಬ್ಬ ಪತ್ರಿಕಾ ಸಂಪಾದಕ, ಒಬ್ಬ ಬ್ಯಾಂಕಿನ ಅರ್ಥಶಾಸ್ತ್ರಜ್ಞ. ಒಬ್ಬರೂ ಯಹೂದಿಯಲ್ಲ, ಒಬ್ಬರೂ ಅರಬರಲ್ಲ.

ಇವರಲ್ಲಿ ವಿಲಿಯಂ ಫಿಲಿಪ್ಸ್ ಎಂಬ ಹೆಸರು ನಮಗೆ ಗೊತ್ತಿರಬೇಕು. 1943ರಲ್ಲಿ ಆಗಿನ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಖಾಸಗಿ ಪ್ರತಿನಿಧಿಯಾಗಿ ದೆಹಲಿಯಲ್ಲಿದ್ದವರು ಇವರೇ. ಗಾಂಧೀಜಿ ಆಗಾ ಖಾನ್ ಅರಮನೆಯಲ್ಲಿ ಬಂಧನದಲ್ಲಿದ್ದು ಉಪವಾಸ ಮಾಡಿದಾಗ ಭೇಟಿಗೆ ಅವಕಾಶ ಕೇಳಿದರು. ಬ್ರಿಟಿಷರು ಕೊಡಲಿಲ್ಲ. ಭಾರತದಲ್ಲಿ ಬ್ರಿಟಿಷರ ನೀತಿಯನ್ನು ಟೀಕಿಸಿ ಅವರು ರೂಸ್‌ವೆಲ್ಟ್‌ಗೆ ಬರೆದ ಪತ್ರ ಮರುವರ್ಷ ಪತ್ರಿಕೆಗೆ ಸೋರಿ ದೊಡ್ಡ ಗಲಾಟೆಯಾಯಿತು. ಅಂಥವರನ್ನು ಬ್ರಿಟಿಷರ ಜೊತೆಗೇ ಕೂತು ವರದಿ ಬರೆಯಲು ಕಳಿಸಿದ್ದು ತಮಾಷೆಯಾಗಿದೆ ಅಲ್ವಾ?

ಸಮಿತಿ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕೆಲಸ ಶುರು ಮಾಡಿತು. ಐನ್‌ಸ್ಟೈನ್ ಬಂದು ಸಾಕ್ಷ್ಯ ಹೇಳಿ, ಬ್ರಿಟಿಷರ ವಸಾಹತು ನೀತಿಯನ್ನು ಚೆನ್ನಾಗಿ ಝಾಡಿಸಿದರು. ಇಂಥ ಸಮಿತಿಗಳಿಂದ ಏನಾದರೂ ಆಗುತ್ತದೆ ಅನ್ನುವ ನಂಬಿಕೆಯೂ ಅವರಿಗಿರಲಿಲ್ಲ. ಆಮೇಲೆ ಲಂಡನ್. ಅಲ್ಲಿಯ ತನಕ ಎಲ್ಲವೂ ಹಾಲಿನಲ್ಲಿ ಕೂತು ಕೇಳುವ ಕೆಲಸ. ಫೆಬ್ರವರಿಯಲ್ಲಿ ಗುಂಪುಗಳಾಗಿ ಒಡೆದು ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಕಡೆ ಹೋದರು. ಸಮಿತಿ ನಿಜವಾಗಿ ಸಮಿತಿಯಾದದ್ದು ಅಲ್ಲಿ.

ಶಿಬಿರದವರನ್ನು ಕೇಳಿದರೆ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಉತ್ತರ: ಪ್ಯಾಲೆಸ್ತೀನ್. ಅದಾಗದಿದ್ದರೆ ಎರಡನೆಯ ಆಯ್ಕೆ ಯಾವುದು ಅಂತ ಪ್ರಶ್ನಾವಳಿಯಲ್ಲಿ ಕೇಳಿದಾಗ ಕೆಲವರು ಬರೆದದ್ದು "ಹೆಣ ಸುಡುವ ಒಲೆ" ಎಂದು. ಇದನ್ನು ಯಾರೋ ಹೇಳಿಕೊಟ್ಟು ಬರೆಸಿದ್ದು ಅಂತ ಆಗಲೂ ಅನುಮಾನಪಟ್ಟವರಿದ್ದರು. ಶಿಬಿರಗಳಲ್ಲಿ ಜಿಯೋನಿಸ್ಟ್ ಸಂಘಟಕರು, ಅಂದರೆ ಪ್ಯಾಲೆಸ್ತೀನಿನಲ್ಲಿ ಯಹೂದಿ ನಾಡು ಬೇಕು ಅನ್ನುವವರು, ಬಲವಾಗಿದ್ದದ್ದೂ ನಿಜ. ಆದರೆ ಒಂದು ಯೋಚನೆ ಮಾಡಿ. ಅಮೆರಿಕಕ್ಕೆ ಹೋಗಬೇಕು ಅಂತ ಒಬ್ಬ ಪೋಲೆಂಡಿನ ಯಹೂದಿ ಆಗ ಬರೆದಿದ್ದರೆ ಏನಾಗುತ್ತಿತ್ತು? 1924ರ ವಲಸೆ ಕಾನೂನಿನಡಿ ಪೋಲೆಂಡಿಗೆ ಇದ್ದ ಕೋಟಾ ವರ್ಷಕ್ಕೆ 6,524 ಜನ, ಎಲ್ಲ ಧರ್ಮದವರೂ ಸೇರಿ. ಬಾಗಿಲು ಹಾಕಿದ ಮನೆಯನ್ನು ಯಾರು ತಾನೇ ಆಯ್ಕೆ ಮಾಡುತ್ತಾರೆ?

ಅಲ್ಲಿಂದ ಕೈರೋ, ಮಾರ್ಚ್‌ನಲ್ಲಿ ಜೆರುಸಲೆಮ್. ವೈಎಂಸಿಎ ಕಟ್ಟಡದಲ್ಲಿ ವಿಚಾರಣೆ. ಜಿಯೋನಿಸ್ಟ್ ಚಳವಳಿಯ ಹಿರಿಯ ನಾಯಕ ವೈಜ್‌ಮನ್ ಬಂದರು. ಇಲ್ಲಿರುವ ಆಯ್ಕೆ ನ್ಯಾಯ-ಅನ್ಯಾಯಗಳ ನಡುವೆ ಅಲ್ಲ, ದೊಡ್ಡ ಅನ್ಯಾಯ ಮತ್ತು ಸಣ್ಣ ಅನ್ಯಾಯದ ನಡುವೆ ಎಂಬ ಅರ್ಥದ ಮಾತಾಡಿದರು. ಅರಬರಿಗೂ ಅನ್ಯಾಯವಾಗುತ್ತದೆ ಅಂತ ಒಪ್ಪಿಕೊಂಡ ಆ ಪ್ರಾಮಾಣಿಕತೆ ಸದಸ್ಯರ ಮನಸ್ಸಿಗೆ ತಟ್ಟಿತು. ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ಬೆನ್-ಗುರಿಯನ್ ಬಂದರು. ಹೀಬ್ರೂ ವಿಶ್ವವಿದ್ಯಾಲಯದ ಜೂಡಾ ಮ್ಯಾಗ್ನೆಸ್ ಬಂದು, ಎರಡೂ ಜನಾಂಗಗಳು ಸರಿಸಮವಾಗಿ ಆಳುವ ಒಂದೇ ದೇಶ ಬೇಕು ಅಂದರು. ಅವರದು ಒಂಟಿ ದನಿ, ಅವರ ಜನರಲ್ಲೇ ಬೆಂಬಲ ಕಮ್ಮಿ.

ಅರಬರ ಕಡೆಯಿಂದ ಮಾತಾಡಿದವರಲ್ಲಿ ಆಲ್ಬರ್ಟ್ ಹೌರಾನಿ ಇದ್ದರು. ಆಗ ಅವರಿಗೆ ಮೂವತ್ತರ ಪ್ರಾಯ. ಮುಂದೆ ಅರಬ್ ಜಗತ್ತಿನ ದೊಡ್ಡ ಇತಿಹಾಸಕಾರರಾದವರು. ಹೌರಾನಿ ಮತ್ತು ಉಳಿದ ಅರಬ್ ಸಾಕ್ಷಿಗಳ ವಾದದ ತಿರುಳು ಇಷ್ಟು: ಯಹೂದಿಗಳಿಗಾದ ಅನ್ಯಾಯ ಘೋರ, ಒಪ್ಪಿದೆವು. ಅದನ್ನು ಮಾಡಿದವರು ನಾವಲ್ಲ. ನಿರಾಶ್ರಿತರ ಭಾರ ಇಡೀ ಜಗತ್ತಿನದು. ನಿಮ್ಮ ದೊಡ್ಡ ದೊಡ್ಡ ದೇಶಗಳ ಬಾಗಿಲು ಹಾಕಿಕೊಂಡು, 12 ಲಕ್ಷ ಅರಬರು ಬದುಕುತ್ತಿರುವ ಈ ಸಣ್ಣ ನಾಡಿನ ಬಾಗಿಲನ್ನೇ ಏಕೆ ಒಡೆಯುತ್ತೀರಿ? ಇದಕ್ಕೆ ಉತ್ತರ ಕೊಡುವುದು ಸಮಿತಿಯ ಯಾರಿಗೂ ಸುಲಭವಿರಲಿಲ್ಲ.

ಅದೇ ಮಾರ್ಚ್‌ನಲ್ಲಿ ಅಟ್ಲೀ ಸರ್ಕಾರದ ಇನ್ನೊಂದು ತಂಡ ದೆಹಲಿಗೆ ಬಂದಿಳಿಯಿತು. ಕ್ಯಾಬಿನೆಟ್ ಮಿಷನ್. ನಮ್ಮವರು ಶಾಲೆಯಲ್ಲಿ ಓದಿರುವುದು ಇದನ್ನೇ. ಎರಡು ಕಡೆಯೂ ಬ್ರಿಟನ್ ಒಂದೇ ಕೆಲಸ ಮಾಡುತ್ತಿತ್ತು: ಹೊರಟು ಹೋಗುವ ಮುಂಚೆ, ದೇಶ ಒಡೆಯದೆ ಎಲ್ಲರನ್ನೂ ಒಪ್ಪಿಸುವ ಸೂತ್ರ ಹುಡುಕುವುದು. ಎರಡು ಕಡೆಯೂ ಏನಾಯಿತು ಅಂತ ನಮಗೆ ಗೊತ್ತು.

ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಕೂತು ವರದಿ ಬರೆದರು. ಜಗಳ ಜೋರಾಗಿಯೇ ಆಯಿತು. ಕೆಲವರಿಗೆ ಪ್ಯಾಲೆಸ್ತೀನನ್ನು ಭಾಗ ಮಾಡಬೇಕಿತ್ತು. ಕೆಲವರಿಗೆ ಮೊದಲು ಯಹೂದಿಗಳ ಗುಪ್ತ ಸೇನೆಯ ಆಯುಧ ಕಿತ್ತುಕೊಳ್ಳಬೇಕಿತ್ತು. ಹಚೆಸನ್ ಎರಡಕ್ಕೂ ಜಗ್ಗಲಿಲ್ಲ. ಕೊನೆಗೆ ಏಪ್ರಿಲ್ 20ರಂದು ಹನ್ನೆರಡು ಸಹಿ ಬಿದ್ದವು. 1 ಲಕ್ಷ ಪರವಾನಗಿ ಕೂಡಲೇ ಕೊಡಿ, ಆದಷ್ಟೂ 1946ರಲ್ಲೇ. ಪ್ಯಾಲೆಸ್ತೀನ್ ಯಹೂದಿ ದೇಶವೂ ಆಗಬಾರದು, ಅರಬ್ ದೇಶವೂ ಆಗಬಾರದು. ಯಹೂದಿಗಳು ಭೂಮಿ ಕೊಳ್ಳುವುದಕ್ಕೆ ಇರುವ ನಿರ್ಬಂಧ ತೆಗೆಯಿರಿ. ಹೀಗೆ.

ಮತ್ತು ಇವೆಲ್ಲಕ್ಕಿಂತ ಮೊದಲು, ಮೊದಲನೆಯ ಶಿಫಾರಸು. ಪ್ಯಾಲೆಸ್ತೀನ್ ಬಿಟ್ಟರೆ ಬೇರೆ ಯಾವ ದೇಶದಿಂದಲೂ ಹೇಳಿಕೊಳ್ಳುವಂಥ ನೆರವು ಸಿಗುವ ಆಸೆ ನಮಗೆ ಕಾಣಲಿಲ್ಲ ಅಂತ ಅದರಲ್ಲಿ ಬರೆದಿದೆ. ಆದರೆ ಪ್ಯಾಲೆಸ್ತೀನ್ ಒಂದರಿಂದಲೇ ಇದು ಬಗೆಹರಿಯುವುದಿಲ್ಲ, ಇಡೀ ಜಗತ್ತು ಈ ಜನರಿಗೆ ಹೊಣೆ. ಆದ್ದರಿಂದ ನಮ್ಮ ಎರಡೂ ಸರ್ಕಾರಗಳು ಬೇರೆ ದೇಶಗಳ ಜೊತೆ ಸೇರಿ, ಧರ್ಮ, ದೇಶ ಅಂತ ನೋಡದೆ, ನೆಲೆ ಕಳೆದುಕೊಂಡ ಎಲ್ಲರಿಗೂ ಕೂಡಲೇ ಹೊಸ ಮನೆ ಹುಡುಕಬೇಕು. ಅಂದರೆ ಹೌರಾನಿ ಕೇಳಿದ ಪ್ರಶ್ನೆಯನ್ನು ಸಮಿತಿ ಒಪ್ಪಿಕೊಂಡಿತ್ತು. ಅದನ್ನು ಪಟ್ಟಿಯ ಮೊದಲಿಗೇ ಇಟ್ಟಿತ್ತು.

ವರದಿ ಹೊರಬಿದ್ದದ್ದು ಏಪ್ರಿಲ್ 30ಕ್ಕೆ. ಟ್ರೂಮನ್ ಅದೇ ದಿನ 1 ಲಕ್ಷದ ಮಾತನ್ನು ಸ್ವಾಗತಿಸಿ, ಉಳಿದದ್ದರಲ್ಲಿ ಬಹುಪಾಲನ್ನು ಮುಂದೆ ನೋಡೋಣ ಅಂದರು. ಮರುದಿನ ಅಟ್ಲೀ ಸಂಸತ್ತಿನಲ್ಲಿ ಎದ್ದು, ಮೊದಲು ಅಲ್ಲಿನ ಅಕ್ರಮ ಸೇನೆಗಳು ಆಯುಧ ಕೆಳಗಿಡಬೇಕು, ಖರ್ಚಿನಲ್ಲಿ, ಸೈನ್ಯದಲ್ಲಿ ಅಮೆರಿಕ ಎಷ್ಟು ಪಾಲು ಕೊಡುತ್ತದೆ ಹೇಳಲಿ ಅಂದರು. ಅಮೆರಿಕ ಸೈನ್ಯ ಕಳಿಸಲು ತಯಾರಿರಲಿಲ್ಲ. ಒಮ್ಮತದ ವರದಿ ಬಂದರೆ ಅಂತ ಜನವರಿಯಲ್ಲಿ ಕೊಟ್ಟ ಮಾತು ಎಲ್ಲಿ ಹೋಯಿತೋ. ಸಮಿತಿ ಬೇಕು ಅಂತ ಇಬ್ಬರೂ ಒಪ್ಪಿದ್ದರು, ಸಮಿತಿ ಹೇಳಿದ್ದು ಇಬ್ಬರಿಗೂ ಪೂರ್ತಿ ಬೇಡವಾಗಿತ್ತು. ಒಬ್ಬರು ಎರಡನೆಯ ಶಿಫಾರಸನ್ನು ಮಾತ್ರ ಎತ್ತಿಕೊಂಡರು, ಇನ್ನೊಬ್ಬರು ಅದಕ್ಕೆ ಷರತ್ತು ಕಟ್ಟಿದರು. ಮೊದಲನೆಯದರ ಬಗ್ಗೆ ಇಬ್ಬರಿಗೂ ಅವಸರ ಇರಲಿಲ್ಲ.

ಜೂನ್ 12ರಂದು ಬೋರ್ನ್‌ಮತ್‌ನಲ್ಲಿ ಲೇಬರ್ ಪಕ್ಷದ ಸಮ್ಮೇಳನ. ಅಲ್ಲಿ ಬೆವಿನ್ ಮತ್ತೆ ಬಾಯಿಬಿಟ್ಟರು. ಅಮೆರಿಕದವರಿಗೆ ಯಹೂದಿಗಳು ನ್ಯೂಯಾರ್ಕ್‌ಗೆ ಜಾಸ್ತಿ ಬರುವುದು ಇಷ್ಟವಿಲ್ಲ, ಅದಕ್ಕೇ 1 ಲಕ್ಷ ಜನರನ್ನು ಪ್ಯಾಲೆಸ್ತೀನಿಗೆ ಕಳಿಸಿ ಅನ್ನುತ್ತಿದ್ದಾರೆ ಎಂದರು. ಅಮೆರಿಕದಲ್ಲಿ ಜನ ರೊಚ್ಚಿಗೆದ್ದರು. ಮಾತು ಒರಟು, ಹೇಳಿದ ರೀತಿ ಹೊಲಸು. ಆದರೆ ಅದರಲ್ಲಿ ಸುಳ್ಳೆಷ್ಟು ಅಂತ ನೋಡಿದರೆ ಜಾಸ್ತಿ ಸಿಗುವುದಿಲ್ಲ. ಬೆವಿನ್ ಹೇಳದೇ ಬಿಟ್ಟದ್ದು ತಮ್ಮ ಮನೆಯ ಮಾತನ್ನು. ಯುದ್ಧದ ನಂತರ ಬ್ರಿಟನ್ನಿನ ಗಿರಣಿ, ಆಸ್ಪತ್ರೆ, ಹೊಲಗಳಿಗೆ ಕೆಲಸದವರು ಬೇಕಾಗಿದ್ದರು. ಅದಕ್ಕಾಗಿ ಇವೇ ಶಿಬಿರಗಳಿಂದ ಲಾಟ್ವಿಯಾ, ಎಸ್ಟೋನಿಯಾ, ಲಿಥುವೇನಿಯಾ, ಉಕ್ರೇನಿನ ಸಾವಿರಾರು ಜನರನ್ನು ಕರೆತಂದರು. ಯಹೂದಿಗಳನ್ನು ಮಾತ್ರ ಬಹುತೇಕ ದೂರವೇ ಇಟ್ಟರು.

ಆ ಜುಲೈನಲ್ಲಿ ಎರಡು ಘಟನೆ ನಡೆದವು. 4ರಂದು ಪೋಲೆಂಡಿನ ಕೀಲ್ತ್ಸೆ ಊರಿನಲ್ಲಿ, ಮಗುವನ್ನು ಕದ್ದಿದ್ದಾರೆ ಎಂಬ ಸುಳ್ಳು ಸುದ್ದಿ ನಂಬಿದ ಗುಂಪು 42 ಯಹೂದಿಗಳನ್ನು ಕೊಂದಿತು. ಸೈನಿಕರೂ ಪೊಲೀಸರೂ ಅದರಲ್ಲಿ ಸೇರಿದ್ದರು. ಮುಂದಿನ ತಿಂಗಳುಗಳಲ್ಲಿ ಹತ್ತಾರು ಸಾವಿರ ಜನ ಗಡಿ ದಾಟಿ ಜರ್ಮನಿ, ಆಸ್ಟ್ರಿಯಾದ ಶಿಬಿರಗಳಿಗೆ ಓಡಿಬಂದರು. 22ರಂದು ಜೆರುಸಲೆಮ್‌ನ ಕಿಂಗ್ ಡೇವಿಡ್ ಹೋಟೆಲಿನಲ್ಲಿದ್ದ ಬ್ರಿಟಿಷ್ ಕಚೇರಿಯನ್ನು ಯಹೂದಿ ಉಗ್ರರ ಇರ್ಗುನ್ ಗುಂಪು ಸ್ಫೋಟಿಸಿತು, 91 ಜನ ಸತ್ತರು. ವರದಿ ಜಾರಿ ಮಾಡುವ ದಾರಿ ಹುಡುಕಲು ಎರಡೂ ಸರ್ಕಾರಗಳು ಅಷ್ಟರಲ್ಲಿ ಇನ್ನೊಂದು ತಜ್ಞರ ತಂಡ ಮಾಡಿದ್ದವು. ಸಮಿತಿಯ ಮೇಲೆ ಸಮಿತಿ! ಅಮೆರಿಕದ ಕಡೆಯಿಂದ ಬಂದವರು ಹೆನ್ರಿ ಗ್ರೇಡಿ. ಮರುವರ್ಷ ಸ್ವತಂತ್ರ ಭಾರತಕ್ಕೆ ಅಮೆರಿಕದ ಮೊದಲ ರಾಯಭಾರಿಯಾದವರು ಅವರೇ. ಆ ತಂಡ ಕೊಟ್ಟ ಯೋಜನೆಯನ್ನು ಯಹೂದಿಗಳೂ ಒಪ್ಪಲಿಲ್ಲ, ಅರಬರೂ ಒಪ್ಪಲಿಲ್ಲ, ಕೊನೆಗೆ ಟ್ರೂಮನ್ನರೂ ಕೈಬಿಟ್ಟರು.

1947ರ ಹೊತ್ತಿಗೆ ಪ್ಯಾಲೆಸ್ತೀನಿನಲ್ಲಿ ಸುಮಾರು 1 ಲಕ್ಷ ಬ್ರಿಟಿಷ್ ಸೈನಿಕರಿದ್ದರು. 1 ಲಕ್ಷ ನಿರಾಶ್ರಿತರನ್ನು ಬಿಟ್ಟುಕೊಳ್ಳುವುದು ಭಾರ ಅಂದ ಸರ್ಕಾರವೇ ಅಷ್ಟು ಸೈನಿಕರನ್ನು ಸಾಕುತ್ತಿತ್ತು. ಆ ಫೆಬ್ರವರಿಯಲ್ಲಿ ಬೆವಿನ್ ಕೈಚೆಲ್ಲಿ ವಿಷಯವನ್ನು ವಿಶ್ವಸಂಸ್ಥೆಗೆ ದಾಟಿಸಿದರು. ಅಲ್ಲಿ ಮತ್ತೆ ಒಂದು ಸಮಿತಿ, ಈ ಸಲ ಹನ್ನೊಂದು ದೇಶಗಳದ್ದು. ಭಾರತವೂ ಅದರಲ್ಲಿತ್ತು, ನಮ್ಮ ಪ್ರತಿನಿಧಿ ನ್ಯಾಯಮೂರ್ತಿ ಸರ್ ಅಬ್ದುರ್ ರಹಮಾನ್. ಇರಾನ್, ಯುಗೊಸ್ಲಾವಿಯಾ ಜೊತೆ ಸೇರಿ ಭಾರತ ವಿಭಜನೆ ಬೇಡ, ಒಕ್ಕೂಟ ಇರಲಿ ಅಂದಿತು. ನವೆಂಬರ್ 29ರ ಮತದಾನದಲ್ಲಿ ವಿಭಜನೆಯ ಪರ 33, ವಿರುದ್ಧ 13. ಆ ಹದಿಮೂರರಲ್ಲಿ ನಾವೂ ಒಬ್ಬರು. ಮುಂದಿನ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ನಿರಾಶ್ರಿತರಾದರು.

ಒಂದು ದೇಶ ಒಬ್ಬ ನಿರಾಶ್ರಿತನನ್ನು ಒಳಗೆ ಬಿಟ್ಟುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಆಟೊ ಕೂನಿಗ್ಸ್‌ಬರ್ಗರ್ ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಯಹೂದಿ ವಾಸ್ತುಶಿಲ್ಪಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನಕ್ಕೆ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ಹಳಬರು ಕರೆಯುವ ಐಐಎಸ್‌ಸಿಯಲ್ಲಿ ಅವರು ಕಟ್ಟಿದ ಕಟ್ಟಡಗಳು ಇವತ್ತಿಗೂ ಬಳಕೆಯಲ್ಲಿವೆ. 1948ರಲ್ಲಿ ದೆಹಲಿಗೆ ಹೋಗಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಅಂದರೆ ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಸುವ ಕೆಲಸ. ಹಾಗಂತ ನಾವು ತೀರಾ ಬೀಗಬೇಕಾಗಿಲ್ಲ. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅದಕ್ಕೂ ಮುಂಚೆ, 1935ರಲ್ಲಿ, ಸಿ.ವಿ. ರಾಮನ್ ಕರೆದರು ಅಂತ ಅದೇ ಸಂಸ್ಥೆಗೆ ಬಂದಿದ್ದರು. ಬಾರ್ನ್ ಅವರನ್ನು ಕಾಯಂ ಇಟ್ಟುಕೊಳ್ಳಲು ರಾಮನ್ ನೋಡಿದರು, ಆಗಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು, ನೊಬೆಲ್ ಆಮೇಲೆ ಬಂತು. ಇಬ್ಬರಿಗೂ ಬಾಗಿಲು ತೆರೆದದ್ದು ಹೆಸರು, ಓದು, ಪರಿಚಯ. ಶಿಬಿರದಲ್ಲಿದ್ದ ದರ್ಜಿಗೆ, ಚಮ್ಮಾರನಿಗೆ ಅದು ಯಾವುದೂ ಇರಲಿಲ್ಲ. ಮೊದಲ ಶಿಫಾರಸು ಬರೆದದ್ದೇ ಅಂಥವರಿಗಾಗಿ.

ಅಮೆರಿಕ ಆ ಶಿಫಾರಸಿನ ಕಡೆ ತಿರುಗಿ ನೋಡಿದ್ದು 1948ರ ಜೂನ್‌ನಲ್ಲಿ, ಇಸ್ರೇಲ್ ಹುಟ್ಟಿ ತಿಂಗಳು ಕಳೆದ ಮೇಲೆ. ನೆಲೆ ತಪ್ಪಿದವರಿಗಾಗಿ ಸಂಸತ್ತು ಒಂದು ಕಾಯ್ದೆ ಮಾಡಿತು, ಎರಡು ವರ್ಷದಲ್ಲಿ 2 ಲಕ್ಷಕ್ಕೂ ಹೆಚ್ಚು ಜನರಿಗೆ ವೀಸಾ. ಕೇಳಲು ಚೆನ್ನಾಗಿದೆ. ಒಳಗಿನ ಷರತ್ತು ನೋಡಿ: 1945ರ ಡಿಸೆಂಬರ್ 22ರೊಳಗೆ ಜರ್ಮನಿ, ಆಸ್ಟ್ರಿಯಾ ಅಥವಾ ಇಟಲಿ ತಲುಪಿದವರಿಗೆ ಮಾತ್ರ. ಕೀಲ್ತ್ಸೆಯ ಹತ್ಯೆಗೆ ಹೆದರಿ ಓಡಿಬಂದವರೆಲ್ಲ 1946ರಲ್ಲಿ ಬಂದವರು, ಅವರು ಒಂದೇ ಏಟಿಗೆ ಹೊರಗೆ. ಇನ್ನು 30 ಪರ್ಸೆಂಟ್ ರೈತಾಪಿ ಜನರಿಗೆ ಮೀಸಲು. ಪೂರ್ವ ಯುರೋಪಿನ ಪೇಟೆಗಳಲ್ಲಿ ಅಂಗಡಿ, ಹೊಲಿಗೆ ಅಂತ ಬದುಕಿದ್ದ ಯಹೂದಿಗಳಲ್ಲಿ ರೈತರೆಷ್ಟು ಸಿಗಬೇಕು? ಟ್ರೂಮನ್ ಸಹಿ ಹಾಕುವಾಗಲೇ, ಈ ಕಾನೂನು ಯಹೂದಿಗಳ ವಿಷಯದಲ್ಲಿ ಕಲ್ಲೆದೆಯ ತಾರತಮ್ಯ ಮಾಡುತ್ತದೆ ಅಂತ ಹೇಳಿಕೆ ಕೊಟ್ಟರು. ಹಾಕಿದ್ದಂತೂ ಹಾಕಿದರು.

ತಾರೀಕನ್ನು ತಿದ್ದಿದ್ದು 1950ರಲ್ಲಿ. ಅಷ್ಟು ಹೊತ್ತಿಗೆ ಶಿಬಿರಗಳಲ್ಲಿದ್ದ ಯಹೂದಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ಹೋಗಿ ಆಗಿತ್ತು, ಸುಮಾರು 1 ಲಕ್ಷ 36 ಸಾವಿರ. ಅಮೆರಿಕಕ್ಕೆ 1952ರ ತನಕ ಬಂದವರು 80 ಸಾವಿರದಷ್ಟು. ಮ್ಯೂನಿಕ್ ಹತ್ತಿರದ ಫೋರೆನ್‌ವಾಲ್ಡ್ ಶಿಬಿರದಲ್ಲಿ ಆಮೇಲೂ ಜನ ಉಳಿದಿದ್ದರು. ಅವರಲ್ಲಿ ಕ್ಷಯದವರು, ಕಾಯಿಲೆಯವರು, ಆರೋಗ್ಯ ತಪಾಸಣೆಯಲ್ಲಿ ವಲಸೆ ಅಧಿಕಾರಿಗಳು ಬೇಡ ಅಂದವರು ಬಹಳ ಇದ್ದರು. ಆ ಶಿಬಿರ ಮುಚ್ಚಿದ್ದು 1957ರಲ್ಲಿ. ಕೊನೆಯವರಲ್ಲಿ ಎಷ್ಟೋ ಜನರಿಗೆ ವಸತಿ ಸಿಕ್ಕಿದ್ದು ಜರ್ಮನಿಯಲ್ಲೇ.